ನಮ್ಮ ಸೈನಿಕರ ಗೋಡೆ ಮೇಲೆ ಪೋಸ್ಟರ್ ಅಂಟಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮದು ಮಡಿಕೇರಿ ಹತ್ರದ ಒಂದು ಸಣ್ಣ ಊರು, ಮಿಲಿಟ್ರಿಗೆ ಹೋಗಿ ಬಂದೋರು ಇಲ್ದೇ ಇರೋ ಮನೆ ಹುಡುಕಬೇಕು. ಈ ಸಲ ಊರೋರೆಲ್ಲ ಸೇರಿ ಶಾಲೆ ಕಾಂಪೌಂಡ್ ಗೋಡೆ ಮೇಲೆ ನಮ್ಮ ಮಾಜಿ ಸೈನಿಕರ ಚಿತ್ರ ಬರೆದ್ವಿ. ಹುಡುಗ್ರು ಪಾಚಿ ಕೆರೆದು ಪ್ರೈಮರ್ ಹೊಡೆದ್ರು, ಡ್ರಾಯಿಂಗ್ ಮೇಷ್ಟ್ರು ಗೆರೆ ಹಾಕಿಕೊಟ್ರು, ಬಣ್ಣ ಎಲ್ಲ ಮಕ್ಕಳದ್ದೇ. ಜನವರಿ 15ಕ್ಕೆ ಮುಗಿಸಿದ್ವಿ, 1949ರಲ್ಲಿ ನಮ್ಮ ಕಾರ್ಯಪ್ಪನವರು ಸೇನೆಯ ಚುಕ್ಕಾಣಿ ಹಿಡಿದ ದಿನ ಅದು.

ಕಾರ್ಯಪ್ಪನವರಿಗೆ, ಜನರಲ್ ತಿಮ್ಮಯ್ಯನವರಿಗೆ ಮಡಿಕೇರಿಯಲ್ಲಿ ಪ್ರತಿಮೆ ಇದೆ, ತಿಮ್ಮಯ್ಯನವರ ಸನ್ನಿ ಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ, ತುಂಬಾ ಹೆಮ್ಮೆ. ಆದ್ರೆ ನಾಯಕ್, ಹವಾಲ್ದಾರ್ ಆಗಿ ರಿಟೈರ್ ಆಗಿ ಬ್ಯಾಂಕ್ ಬಾಗಿಲಲ್ಲಿ ಬಂದೂಕು ಹಿಡ್ಕೊಂಡು ನಿಂತೋರನ್ನ ಯಾರು ಬರೀತಾರೆ?

71ರ ಯುದ್ಧದಲ್ಲಿದ್ದ ಅಜ್ಜ ಒಬ್ರ ಹತ್ರ ಫೋಟೋ ಕೇಳೋಕೆ ಹೋದ್ವಿ. ಮುಖ ಗಿಖ ಬೇಡ ಅಂದ್ಬಿಟ್ಟು ಅಟ್ಟದಿಂದ ಕಪ್ಪು ಟ್ರಂಕ್ ಇಳಿಸಿದ್ರು, ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ನಂಬರು, ರ್‍ಯಾಂಕು, ಹೆಸರು. ಒಳಗೆ ಕರ್ಚೀಫಲ್ಲಿ ಕಟ್ಟಿಟ್ಟಿದ್ದ ಆ ಯುದ್ಧದ ಪದಕಗಳು, ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ಅದು ಇರೋದೇ ಮೊಮ್ಮಗಳಿಗೆ ಗೊತ್ತಿರ್ಲಿಲ್ಲ. ಆರನೇ ಕ್ಲಾಸಿನ ಆ ಹುಡುಗಿ ಟ್ರಂಕನ್ನೇ ಗೋಡೆ ಮೇಲೆ ಬರೆದ್ಲು, ನಂಬರ್ ಬಂದಾಗ ಅಜ್ಜ ತಾವೇ ಬ್ರಷ್ ಇಸ್ಕೊಂಡ್ರು, ಕೈ ನಡುಗ್ತಿತ್ತು ಆದ್ರೂ ಟ್ರಂಕ್ ಕಡೆ ಒಂದ್ಸಲಾನೂ ತಿರುಗಿ ನೋಡದೆ ಪೂರ್ತಿ ಬರೆದ್ರು.

ತಿಂಗಳು ತುಂಬೋದ್ರೊಳಗೆ ಅದರ ಮೇಲೇ ಯಾರೋ ಪೋಸ್ಟರ್ ಅಂಟಿಸಿ ಹೋಗಿದಾರೆ. ಮೈದಾ ಅಂಟು ಒಣಗಿದ್ಮೇಲೆ ಕಿತ್ರೆ ಪೇಂಟೂ ಜೊತೆಗೇ ಬರತ್ತೆ. ಬೆಳಗ್ಗೆ ಹೋಗಿ ನೋಡಿದ್ರೆ ಅಜ್ಜ ಬಕೆಟ್ ನೀರು ಇಟ್ಕೊಂಡು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜುತಾ ಕೂತಿದ್ರು, ನಂಬರಲ್ಲಿ ಮೂರು ಅಂಕಿ ಹೋಗಿತ್ತು. ನಂಗೆ ಮಾತೇ ಹೊರಡಲಿಲ್ಲ.

ಸಾರ್ವಜನಿಕ ಜಾಗದ ಅಂದಗೆಡಿಸೋದನ್ನ ತಡೆಯೋಕೆ ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ ಸರ್. ಕೇಸು ಹಾಕಿ ಅಂತ ನಾವು ಕೇಳ್ತಿಲ್ಲ, ಪಂಚಾಯ್ತಿಯವರು ಅಲ್ಲೊಂದು ಬೋರ್ಡ್ ಹಾಕ್ಲಿ, ಪೋಸ್ಟರ್‌ಗೆ ಬೇರೆ ಜಾಗ ತೋರಿಸ್ಲಿ, ಅಷ್ಟೇ. ಹಾಗೇ ಬೇರೆ ಊರಿನೋರೂ ಇಂಥದ್ದು ಮಾಡಿ, ಆದ್ರೆ ಮೊದಲು ಅವರ ಮನೆಗೆ ಹೋಗಿ ಕೂತು ಕೇಳಿ, ಇಂಟರ್ನೆಟ್ಟಿಂದ ಯಾವ್ದೋ ಸೈನಿಕನ ಚಿತ್ರ ಇಳಿಸಿ ಬರೀಬೇಡಿ. ಬೇಗ ಮಾಡಿ, 71ರಲ್ಲಿ ಇಪ್ಪತ್ತರ ಹುಡುಗರಾಗಿದ್ದೋರು ಈಗ ಎಪ್ಪತ್ತೈದರ ಆಸುಪಾಸಲ್ಲಿದಾರೆ.

ಜೂನ್ ಮಳೆ ಹಿಡಿಯೋಕೆ ಮುಂಚೆ ಆ ಟ್ರಂಕನ್ನ ಮತ್ತೆ ಬರೀತೀವಿ, ನಂಬರ್ ಬರೆಯೋಕೆ ಅಜ್ಜ ಬರ್ತೀನಿ ಅಂದಿದಾರೆ. ಅಷ್ಟರೊಳಗೆ ಬೋರ್ಡ್ ಬಂದ್ರೆ ಸಾಕು.

– ಒಬ್ಬ ಓದುಗ, ಮಡಿಕೇರಿ ತಾಲ್ಲೂಕು