ಹ್ಯಾರಿ ಪಾಟರ್ ಧಾರಾವಾಹಿ: ನಟರ ಚರ್ಚೆ ಸಾಕು, ಕಂತುಗಳ ಲೆಕ್ಕ ಕೇಳೋಣ

ಮಾನ್ಯ ಸಂಪಾದಕರೇ,

ಮಾಂತ್ರಿಕ ಶಾಲೆಗೆ ಸೇರುವ ಹುಡುಗನ ಕಥೆಯಾದ, ಜೆ.ಕೆ. ರೌಲಿಂಗ್ ಅವರ ಏಳು ಹ್ಯಾರಿ ಪಾಟರ್ ಕಾದಂಬರಿಗಳನ್ನು ಧಾರಾವಾಹಿ ಮಾಡುವುದಾಗಿ ಅಮೆರಿಕದ ಟಿ.ವಿ. ಸಂಸ್ಥೆ ಎಚ್‌ಬಿಒ 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. 2025ರ ಜುಲೈನಲ್ಲಿ ಲಂಡನ್ ಸಮೀಪದ ಲೀವ್ಸ್‌ಡನ್ ಸ್ಟುಡಿಯೊದಲ್ಲಿ ಚಿತ್ರೀಕರಣ ಶುರುವಾಯಿತು. ಆಗಿನಿಂದ ಪತ್ರಿಕೆಗಳ ಸಿನಿಮಾ ಪುಟಗಳಲ್ಲಿ ಓದಲು ಸಿಗುತ್ತಿರುವುದು ಹೆಚ್ಚುಕಡಿಮೆ ಒಂದೇ ವಿಷಯ. ಆ ಶಾಲೆಯ ಸಿಡುಕು ಮೇಷ್ಟ್ರು ಸ್ನೇಪ್‌ನ ಪಾತ್ರ ಪಾಪಾ ಎಸ್ಸಿಡುಗೆ ಒಪ್ಪುತ್ತದೆಯೇ? ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಪಾತ್ರ ಮಾಡಲು ಅಮೆರಿಕದ ಜಾನ್ ಲಿತ್‌ಗೋ ಯಾಕೆ ಬೇಕಿತ್ತು? ಹೊಸ ಹುಡುಗ ಡೊಮಿನಿಕ್ ಮೆಕ್‌ಲಾಫ್ಲಿನ್ ಹಳೆಯ ಸಿನಿಮಾಗಳ ಹ್ಯಾರಿ ಡೇನಿಯಲ್ ರಾಡ್‌ಕ್ಲಿಫ್‌ನನ್ನು ಮರೆಸುತ್ತಾನೆಯೇ? ಒಳ್ಳೆಯ ನಟರು ಎರಡು ಕಂತು ಮುಗಿಯುವಷ್ಟರಲ್ಲಿ ಇಂಥ ಅನುಮಾನಗಳನ್ನು ಅಳಿಸಿಹಾಕುತ್ತಾರೆ. ಪುಸ್ತಕಗಳನ್ನು ಹತ್ತಾರು ಸಲ ಓದಿದವರ ಆತಂಕ ಇರುವುದು ಕಂತುಗಳ ಲೆಕ್ಕದಲ್ಲಿ.

ಬ್ಲೂಮ್ಸ್‌ಬರಿ ಪ್ರಕಾಶನದ ಬ್ರಿಟಿಷ್ ಮುದ್ರಣದಲ್ಲಿ ಮೊದಲ ಪುಸ್ತಕ 223 ಪುಟ. ಐದನೆಯದು 766. ಮೊದಲ ಸಿನಿಮಾ 152 ನಿಮಿಷ ಓಡುತ್ತದೆ, ಐದನೆಯದು ಬರೀ 138. ಭಾಗಿಸಿ ನೋಡಿದರೆ ಮೊದಲ ಪುಸ್ತಕದ ಒಂದು ಪುಟಕ್ಕೆ ತೆರೆಯ ಮೇಲೆ 41 ಸೆಕೆಂಡ್ ಸಿಕ್ಕಿದೆ, ಐದನೆಯದರ ಪುಟಕ್ಕೆ 11 ಸೆಕೆಂಡ್. ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡಿದ್ದರಿಂದ ಅದಕ್ಕೆ 27 ಸೆಕೆಂಡ್ ದಕ್ಕಿತು. ಎಂಟೂ ಸಿನಿಮಾ ಸೇರಿದರೆ 19 ಗಂಟೆ 39 ನಿಮಿಷ. ಏಳು ಪುಸ್ತಕಗಳ ಒಟ್ಟು ಪುಟ 3,407.

ಟಿ.ವಿ.ಗೆ ಬಂದರೆ ಈ ಇಕ್ಕಟ್ಟು ತಾನಾಗಿ ಬಗೆಹರಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಸೀಸನ್‌ಗೆ ಎಂಟು ಕಂತು ಎನ್ನುವುದು ಈಗ ಸ್ಟ್ರೀಮಿಂಗ್ ಲೋಕದ ಅಘೋಷಿತ ನಿಯಮ. ‘ದಿ ವೀಲ್ ಆಫ್ ಟೈಮ್’, ‘ದಿ ರಿಂಗ್ಸ್ ಆಫ್ ಪವರ್’, ‘ಪರ್ಸಿ ಜಾಕ್ಸನ್’ ಮೂರೂ ಎಂಟೆಂಟೇ. ಕಂತಿಗೆ 55 ನಿಮಿಷ ಹಿಡಿದರೆ ಸೀಸನ್‌ಗೆ 440 ನಿಮಿಷವಾಯಿತು. ಮೊದಲ ಪುಸ್ತಕಕ್ಕೆ ಇದು ಪುಟಕ್ಕೆ ಹತ್ತಿರ ಹತ್ತಿರ ಎರಡು ನಿಮಿಷ, ಅಂದರೆ ಎಳೆದೆಳೆದು ತುಂಬಿಸಬೇಕಾದಷ್ಟು. ಐದನೆಯ ಪುಸ್ತಕಕ್ಕೆ ಅದೇ 440 ನಿಮಿಷ ಕೊಟ್ಟರೆ ಪುಟಕ್ಕೆ 34 ಸೆಕೆಂಡ್, ಮೊದಲ ಸಿನಿಮಾ ಕೊಟ್ಟದ್ದಕ್ಕಿಂತಲೂ ಕಮ್ಮಿ! ಹೀಗಾಗಿ ಎಲ್ಲ ಸೀಸನ್‌ಗೂ ಒಂದೇ ಅಳತೆಯ ಅಂಗಿ ಹೊಲಿಸುವುದೇ ಮೊದಲ ತಪ್ಪಾಗುತ್ತದೆ. ಪುಟಕ್ಕೆ ಒಂದು ನಿಮಿಷ ಎಂದು ಹಿಡಿದರೆ ಮೊದಲೆರಡು ಪುಸ್ತಕಕ್ಕೆ ನಾಲ್ಕೈದು ಕಂತು ಧಾರಾಳ, ಮೂರನೆಯದಕ್ಕೆ ಆರು ಸಾಕು. ನಾಲ್ಕನೆಯದಕ್ಕೆ ಹನ್ನೊಂದೋ ಹನ್ನೆರಡೋ ಬೇಕು, ಐದನೆಯದಕ್ಕೆ ಹದಿನಾಲ್ಕು, ಕೊನೆಯ ಎರಡಕ್ಕೆ ಹನ್ನೊಂದೊಂದು. ಎಲ್ಲ ಕೂಡಿದರೆ ಅರವತ್ತೆರಡರ ಆಸುಪಾಸು. ಸೀಸನ್‌ಗೆ ಎಂಟರಂತೆ ಹಂಚಿದರೂ ಐವತ್ತಾರು ಆಗುತ್ತದಲ್ಲ! ಹೆಚ್ಚುವರಿ ಖರ್ಚು ಆರೇ ಕಂತಿನದು, ಉಳಿದದ್ದು ಹಂಚಿಕೆಯ ಜಾಣ್ಮೆ.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣ ರಂಗಕ್ಕೆ ತಂದಾಗ ಸಿ. ಬಸವಲಿಂಗಯ್ಯ ಅದನ್ನು ಎರಡೂವರೆ ಗಂಟೆಗೆ ಕತ್ತರಿಸಲು ಹೋಗಲಿಲ್ಲ. ಅದು ಇಡೀ ರಾತ್ರಿಯ, ಸುಮಾರು ಒಂಬತ್ತು ಗಂಟೆಯ ನಾಟಕವಾಯಿತು. ಜನ ಬೆಳಗಿನವರೆಗೆ ಕೂತು ನೋಡಿದರು.

ಇನ್ನು ಸಮಯ ಸಾಲದೆ ಕತ್ತರಿಸಿದಾಗ ಏನೇನು ಕೆಡುತ್ತದೆ ಎಂಬುದು. (ಪುಸ್ತಕ ಓದಿರದವರು ಮುಂದಿನ ನಾಲ್ಕು ಪ್ಯಾರಾ ದಾಟಿಕೊಳ್ಳಲಿ, ಗುಟ್ಟು ರಟ್ಟಾಗುತ್ತದೆ.) ಐದನೆಯ ಪುಸ್ತಕದಲ್ಲಿ ಕ್ರಿಸ್‌ಮಸ್ ರಜೆ ಮುಗಿಸಿ ಶಾಲೆಗೆ ಹೊರಡುವ ಹ್ಯಾರಿಯ ಕೈಗೆ ಅವನ ಪೋಷಕನಂತಿರುವ ಸಿರಿಯಸ್ ಒಂದು ಪೊಟ್ಟಣ ತುರುಕುತ್ತಾನೆ. ಹುಡುಗ ಅದನ್ನು ಬಿಚ್ಚುವುದೇ ಇಲ್ಲ. ಸಿರಿಯಸ್ ಸತ್ತ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ ಆ ಪೊಟ್ಟಣ ತೆರೆದರೆ ಒಳಗಿರುವುದು ಜೋಡಿ ಕನ್ನಡಿಗಳಲ್ಲೊಂದು. ಇನ್ನೊಂದು ಇರುವವರ ಜೊತೆ ಅದರ ಮೂಲಕ ಮಾತಾಡಬಹುದಿತ್ತು. ಮೊದಲೇ ಬಿಚ್ಚಿದ್ದರೆ ಸಿರಿಯಸ್ ಕ್ಷೇಮವಾಗಿದ್ದಾನೆಂದು ಗೊತ್ತಾಗಿ, ಅವನು ಸಾಯುವ ಸಂದರ್ಭವೇ ಬರುತ್ತಿರಲಿಲ್ಲ. ಏಳನೆಯ ಪುಸ್ತಕದಲ್ಲಿ ಅದೇ ಕನ್ನಡಿಯ ಚೂರಿನಲ್ಲಿ ಒಂದು ನೀಲಿ ಕಣ್ಣು ಕಾಣುತ್ತದೆ, ಸೆರೆಯಲ್ಲಿದ್ದ ಹುಡುಗರ ಪ್ರಾಣ ಉಳಿಯುವುದು ಅದರಿಂದಲೇ. ಐದನೆಯ ಸಿನಿಮಾದಲ್ಲಿ ಪೊಟ್ಟಣವೂ ಇಲ್ಲ, ಕನ್ನಡಿಯೂ ಇಲ್ಲ. ಏಳನೆಯದರಲ್ಲಿ ಮಾತ್ರ ಹ್ಯಾರಿಯ ಕೈಯಲ್ಲಿ ಚೂರೊಂದು ಪ್ರತ್ಯಕ್ಷ. ಎಲ್ಲಿಂದ ಬಂತೆಂದು ಯಾರೂ ಹೇಳುವುದಿಲ್ಲ, ಎಂಟನೆಯದರಲ್ಲಿ ಒಂದೆರಡು ಮಾತಿನ ತೇಪೆ ಹಾಕುತ್ತಾರೆ.

ಇದಕ್ಕೆ ಸಿನಿಮಾದವರನ್ನು ಪೂರ್ತಿ ದೂರುವಂತಿಲ್ಲ. ಐದನೆಯ ಸಿನಿಮಾ ಅಮೆರಿಕದಲ್ಲಿ 2007ರ ಜುಲೈ 11ಕ್ಕೆ ತೆರೆಕಂಡಿತು, ಏಳನೆಯ ಪುಸ್ತಕ ಬಂದದ್ದು ಜುಲೈ 21ಕ್ಕೆ. ಕನ್ನಡಿ ಮುಂದೆ ಕೆಲಸಕ್ಕೆ ಬರುತ್ತದೆಂದು ಚಿತ್ರಕಥೆ ಬರೆಯುವಾಗ ಅವರಿಗೆ ಹೇಗೆ ತಿಳಿಯಬೇಕು? ಆದರೆ ಆರನೆಯ ಸಿನಿಮಾ (2009) ಬರುವ ಹೊತ್ತಿಗೆ ಕೊನೆಯ ಪುಸ್ತಕ ಎಲ್ಲರ ಮನೆಯಲ್ಲಿತ್ತು. ಪುಸ್ತಕದಲ್ಲಿ ಡಂಬಲ್‌ಡೋರ್ ಹ್ಯಾರಿಗೆ ಖಳನಾಯಕ ವೋಲ್ಡೆಮಾರ್ಟ್‌ನ ಹಿಂದಿನ ಜೀವನವನ್ನು ಒಂದೊಂದೇ ನೆನಪಾಗಿ ತೋರಿಸುತ್ತಾನೆ: ತಾಯಿಯ ಗಾಂಟ್ ಮನೆತನ, ಅನಾಥಾಲಯ, ಹೆಪ್‌ಜಿಬಾ ಸ್ಮಿತ್ ಎಂಬ ಶ್ರೀಮಂತ ಮುದುಕಿಯ ಮನೆಯಲ್ಲಿದ್ದ ಹಫಲ್‌ಪಫ್ ಬಟ್ಟಲು ಮತ್ತು ಲಾಕೆಟ್. ವೋಲ್ಡೆಮಾರ್ಟ್ ತನ್ನ ಆತ್ಮದ ತುಣುಕುಗಳನ್ನು ಬಚ್ಚಿಟ್ಟದ್ದು ಇಂಥ ವಸ್ತುಗಳಲ್ಲಿ, ಹ್ಯಾರಿ ಮುಂದೆ ಹುಡುಕಿ ನಾಶಮಾಡಬೇಕಾದದ್ದು ಇವನ್ನೇ. ಸಿನಿಮಾ ಉಳಿಸಿಕೊಂಡದ್ದು ಅನಾಥಾಲಯವನ್ನೂ ಮೇಷ್ಟ್ರು ಸ್ಲಗ್‌ಹಾರ್ನ್‌ನ ನೆನಪನ್ನೂ ಮಾತ್ರ. ಬಟ್ಟಲು ಕಾಣಲೇ ಇಲ್ಲ. ಹಾಗಾಗಿ ಕೊನೆಯ ಸಿನಿಮಾದಲ್ಲಿ ಹುಡುಕಬೇಕಾದ ವಸ್ತು ಹತ್ತಿರ ಬಂದಾಗ ಹ್ಯಾರಿಯ ಕಿವಿಯಲ್ಲಿ ಸದ್ದು ಕೇಳಿಸುವ ಉಪಾಯ ಹೂಡಬೇಕಾಯಿತು. ಯೋಚಿಸಿ ಪತ್ತೆಹಚ್ಚಬೇಕಿದ್ದವನು ಮೂಸುತ್ತಾ ಹೋದ! ಅದೇ ಆರನೆಯ ಸಿನಿಮಾದಲ್ಲಿ ಪುಸ್ತಕದಲ್ಲಿಲ್ಲದ ಒಂದು ದೃಶ್ಯ ಸೇರಿಸಿ ಹ್ಯಾರಿಯ ಗೆಳೆಯ ರಾನ್‌ನ ಕುಟುಂಬವಾದ ವೀಸ್ಲಿಗಳ ಮನೆಗೆ ಬೆಂಕಿ ಇಟ್ಟರು. ಮುಂದಿನ ಸಿನಿಮಾದಲ್ಲಿ ಆ ಮನೆ ಏನೂ ಆಗದಂತೆ ನಿಂತಿದೆ, ಅಂಗಳದಲ್ಲಿ ಮದುವೆಯೂ ನಡೆಯುತ್ತದೆ.

ಈಗಿನವರಿಗಿರುವ ದೊಡ್ಡ ಅನುಕೂಲ ಇದೇ: ಏಳೂ ಪುಸ್ತಕ ಕೈಯಲ್ಲಿವೆ. ‘ಗೇಮ್ ಆಫ್ ಥ್ರೋನ್ಸ್’ಗೆ ಆ ಭಾಗ್ಯ ಇರಲಿಲ್ಲ. 2011ರಲ್ಲಿ ಐದನೆಯ ಕಾದಂಬರಿ ಬಂದ ಮೇಲೆ ಆರನೆಯದು ಬರಲೇ ಇಲ್ಲ, ಧಾರಾವಾಹಿ 2019ರಲ್ಲಿ ತನ್ನದೇ ದಾರಿ ಹಿಡಿದು ಮುಗಿಯಿತು. ಹ್ಯಾರಿ ಪಾಟರ್ ತಂಡ ಚಿತ್ರಕಥೆ ಬರೆಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕೊನೆಯ ಪುಸ್ತಕದಿಂದ ಹಿಂದಕ್ಕೆ ಓದುತ್ತ, ಅಲ್ಲಿ ಫಲ ಕೊಡುವ ಪ್ರತಿ ವಸ್ತು, ಪ್ರತಿ ಪಾತ್ರ ಮೊದಲು ಎಲ್ಲಿ ಕಾಣಿಸಿತ್ತು ಎಂದು ಗುರುತು ಹಾಕಿಕೊಳ್ಳಬೇಕು. ಆ ಗುರುತಿಲ್ಲದ್ದನ್ನು ಬೇಕಾದರೆ ಬಿಡಲಿ. ಪೊರಕೆ ಮೇಲೆ ಹಾರುತ್ತ ಆಡುವ ಕ್ವಿಡಿಚ್ ಪಂದ್ಯಗಳಲ್ಲಿ ಅರ್ಧ ಹೋದರೂ ಕಣ್ಣೀರಿಡುವವರು ಕಡಿಮೆ. ಮನೆಯಾಳು ಕುಳ್ಳ ಡಾಬಿ ಮಾತ್ರ ಹೋಗಬಾರದು. ನಾಲ್ಕನೆಯ ಪುಸ್ತಕದಲ್ಲಿ ನೀರೊಳಗಿನ ಸ್ಪರ್ಧೆಗೆ ಉಸಿರಾಡಲು ನೆರವಾಗುವ ಗಿಲ್ಲಿವೀಡ್ ಎಂಬ ಗಿಡ ತಂದುಕೊಡುವವನು ಅವನು, ಸಿನಿಮಾದಲ್ಲಿ ಆ ಕೆಲಸ ಸಹಪಾಠಿ ನೆವಿಲ್‌ಗೆ ಹೋಯಿತು. ಎರಡನೆಯ ಸಿನಿಮಾದ ನಂತರ ಏಳನೆಯದರವರೆಗೆ ಡಾಬಿಯ ಮುಖವನ್ನೇ ನೋಡದ ಪ್ರೇಕ್ಷಕ ಅವನ ಸಾವಿಗೆ ಪುಸ್ತಕ ಓದಿದವನಂತೆ ಮರುಗುವುದು ಕಷ್ಟ.

ಹಾಗೆಂದು ಅಕ್ಷರ ಅಕ್ಷರವೂ ಪುಸ್ತಕದಂತೆ ಇರಲಿ ಎಂಬ ಹಟವೂ ಸರಿಯಲ್ಲ. ಕಥೆಯನ್ನು ನಾವು ಹೆಚ್ಚಿನಂಶ ಹ್ಯಾರಿಯ ಕಣ್ಣಿನಿಂದಲೇ ನೋಡುತ್ತೇವೆ. ಬೇರೆಯವರ ಕಣ್ಣಿಗೆ ಹೋಗುವುದು ಬೆರಳೆಣಿಕೆಯ ಅಧ್ಯಾಯಗಳಲ್ಲಿ. ಟಿ.ವಿ.ಯಲ್ಲಿ ಕಂತುಗಟ್ಟಲೆ ಒಬ್ಬನ ಹಿಂದೆಯೇ ಕ್ಯಾಮೆರಾ ಅಲೆದರೆ ಬೇಸರ ಬರಬಹುದು, ಹಾಗಾಗಿ ಅಧ್ಯಾಪಕರ ಕೋಣೆ, ಮಾಂತ್ರಿಕರ ಸರ್ಕಾರದ ಕಚೇರಿ ಎಂದು ಹೊಸ ದೃಶ್ಯ ಬರೆಯುವ ಆಸೆ ಹುಟ್ಟುತ್ತದೆ. ಎಚ್ಚರ ಬೇಕಾದದ್ದು ಇಲ್ಲಿ. ಮೊದಲ ಪುಸ್ತಕದಲ್ಲಿ ನಮ್ಮ ಅನುಮಾನ ಸ್ನೇಪ್ ಮೇಲೆ ಬೀಳುವುದು ಹ್ಯಾರಿಗೆ ಕಂಡಷ್ಟೇ ನಮಗೂ ಕಾಣುವುದರಿಂದ. ನಿಜವಾದ ತಪ್ಪಿತಸ್ಥ ಮೇಷ್ಟ್ರು ಕ್ವಿರಲ್ ಒಬ್ಬನೇ ಇರುವಾಗ ಕ್ಯಾಮೆರಾ ಒಮ್ಮೆ ಒಳಗೆ ಹೋದರೆ ಮುಗಿಯಿತು. ನಾಲ್ಕನೆಯ ಸಿನಿಮಾದಲ್ಲಿ ಆದದ್ದೂ ಇದೇ. ಖಳನ ಮುಖವನ್ನು ಮೊದಲ ದೃಶ್ಯದಲ್ಲೇ ತೋರಿಸಿ, ನಾಲಿಗೆ ಹೊರಚಾಚುವ ಚಟವನ್ನು ಅಂಟಿಸಿ, ಅದೇ ಚಟವನ್ನು ಅವನು ವೇಷ ಮರೆಸಿಕೊಂಡಿದ್ದ ಮೇಷ್ಟ್ರು ಮೂಡಿಯಲ್ಲೂ ತೋರಿಸಿದರು. ಇಡೀ ಶಾಲಾ ವರ್ಷ ಮುಚ್ಚಿಟ್ಟ ಗುಟ್ಟು ಚುರುಕು ಕಣ್ಣಿನ ಮಕ್ಕಳಿಗೆ ಅರ್ಧದಲ್ಲೇ ಬಿಟ್ಟುಹೋಯಿತು. ಲೇಖಕಿ ರೌಲಿಂಗ್ ಕಾರ್ಯಕಾರಿ ನಿರ್ಮಾಪಕಿಯಾಗಿದ್ದಾರಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ. ‘ಪರ್ಸಿ ಜಾಕ್ಸನ್’ ಧಾರಾವಾಹಿಯಲ್ಲಿ ಮೂಲ ಲೇಖಕರೇ ಬರವಣಿಗೆಯಲ್ಲಿದ್ದರೂ, ಮಕ್ಕಳು ಪ್ರತಿ ಬಲೆಯನ್ನೂ ಕಾಲಿಡುವ ಮೊದಲೇ ಗುರುತಿಸಿಬಿಡುತ್ತಾರೆ, ಹಾಗಾದರೆ ಅಪಾಯವೆಲ್ಲಿ ಎಂಬ ದೂರು ಓದುಗರಿಂದಲೇ ಬಂತು.

ವಯಸ್ಸಿನ ತೊಡಕು ಇದಕ್ಕಿಂತ ಬಿಗಿಯಾದದ್ದು. ಕಥೆಯಲ್ಲಿ ಹ್ಯಾರಿ 11ರಿಂದ 17ಕ್ಕೆ ಬರುತ್ತಾನೆ. ರಾಡ್‌ಕ್ಲಿಫ್ 11ಕ್ಕೆ ಶುರುಮಾಡಿ 21ಕ್ಕೆ ಮುಗಿಸಿದರು, ಅದೂ ತಂಡ ಎಲ್ಲೂ ದೀರ್ಘ ಬಿಡುವು ಕೊಡದೆ ಎಂಟು ಸಿನಿಮಾ ಮಾಡಿದ್ದರಿಂದ. ಈಗಿನ ದೊಡ್ಡ ಧಾರಾವಾಹಿಗಳಲ್ಲಿ ಸೀಸನ್‌ಗಳ ನಡುವೆ ಎರಡು ವರ್ಷ ಹೋಗುವುದು ಮಾಮೂಲು. ‘ರಿಂಗ್ಸ್ ಆಫ್ ಪವರ್’ 2022ರ ಸೆಪ್ಟೆಂಬರ್ ಬಿಟ್ಟರೆ ಮತ್ತೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದೇ ಗತಿಯಲ್ಲಿ ಏಳು ಸೀಸನ್ ತೆಗೆದರೆ 11ರ ಹುಡುಗ 23ಕ್ಕೆ ತಲುಪಿರುತ್ತಾನೆ. ಬೇಗ ಬೇಗ ತೆಗೆಯಿರಿ ಎಂದು ಹೇಳುವುದು ಸುಲಭ. ಇಂಗ್ಲೆಂಡಿನ ನಿಯಮದಲ್ಲಿ ಈ ವಯಸ್ಸಿನ ಮಗು ದಿನಕ್ಕೆ ಒಂಬತ್ತೂವರೆ ಗಂಟೆಗಿಂತ ಹೆಚ್ಚು ಹೊತ್ತು ಸೆಟ್‌ನಲ್ಲಿ ಇರುವಂತಿಲ್ಲ, ಅದರಲ್ಲಿ ಅಭಿನಯ ಮತ್ತು ತಾಲೀಮಿಗೆ ಸಿಗುವುದು ಗರಿಷ್ಠ ಐದು ಗಂಟೆ. ಉಳಿದದ್ದು ಪಾಠ, ಊಟ, ವಿಶ್ರಾಂತಿ. ನಿಯಮ ಇರಬೇಕಾದದ್ದೇ. ದಾರಿ ಇರುವುದು ಯೋಜನೆಯಲ್ಲಿ: ಮಕ್ಕಳ ಮುಖ ಬೇಕಾದ ಶಾಟ್‌ಗಳನ್ನು ಮೊದಲು ಮುಗಿಸುವುದು, ಬೆನ್ನು ಕಾಣುವ ಶಾಟ್‌ಗಳಿಗೆ ಬದಲಿ ಮಕ್ಕಳನ್ನು ನಿಲ್ಲಿಸುವುದು, ಒಂದು ಸೀಸನ್ ಸಂಕಲನದಲ್ಲಿರುವಾಗಲೇ ಮುಂದಿನದರ ಚಿತ್ರಕಥೆ ಮುಗಿದಿರುವುದು. ಹಿರಿಯರ ವಿಷಯವೂ ಯೋಚಿಸತಕ್ಕದ್ದೇ. ಲಿತ್‌ಗೋ 1945ರಲ್ಲಿ ಹುಟ್ಟಿದವರು. ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡಾಗ ಮೂರನೆಯ ಸಿನಿಮಾದಿಂದ ಡಂಬಲ್‌ಡೋರ್ ಬದಲಾದದ್ದನ್ನು ಓದುಗರು ಮರೆತಿಲ್ಲ.

ನಟ ಅರ್ಧಕ್ಕೆ ಬಿಟ್ಟರೆ ಕಥೆ ಹೇಗೆ ತಿರುಚಿಕೊಳ್ಳುತ್ತದೆ ಎನ್ನಲು ‘ವೀಲ್ ಆಫ್ ಟೈಮ್’ ನೋಡಬೇಕು. ಕೋವಿಡ್‌ನಿಂದ ನಿಂತ ಚಿತ್ರೀಕರಣ ಮತ್ತೆ ಆರಂಭವಾದಾಗ ಮ್ಯಾಟ್ ಪಾತ್ರದ ಬಾರ್ನಿ ಹ್ಯಾರಿಸ್ ಬರಲಿಲ್ಲ. ಅದಕ್ಕೇ ಆರನೆಯ ಕಂತಿನ ಕೊನೆಯಲ್ಲಿ ಎಲ್ಲರೂ ದ್ವಾರದೊಳಗೆ ಹೋದರೂ ಮ್ಯಾಟ್ ಹೊರಗೇ ಉಳಿಯುತ್ತಾನೆ, ಕೊನೆಯ ಎರಡು ಕಂತುಗಳಲ್ಲಿ ಅವನಿಲ್ಲ. ಮೂರನೆಯ ಸೀಸನ್ ಹೊತ್ತಿಗೆ ಧಾರಾವಾಹಿ ತನ್ನ ನಡಿಗೆ ಕಂಡುಕೊಂಡಿತ್ತು. ಆಗಲೇ, 2025ರ ಮೇ ತಿಂಗಳಲ್ಲಿ, ಅಮೆಜಾನ್ ಅದನ್ನು ನಿಲ್ಲಿಸಿತು. ಹದಿನಾಲ್ಕು ಕಾದಂಬರಿಗಳ ಕಥೆ ಮೂರು ಸೀಸನ್‌ಗೆ ಮೊಟಕಾಯಿತು. ಹ್ಯಾರಿ ಪಾಟರ್‌ಗೆ ಆ ಗತಿ ಬರಲಿಕ್ಕಿಲ್ಲ. ಆದರೆ ಖರ್ಚು ಹಿಡಿಯುವ ಕತ್ತರಿ ಮೊದಲು ಬೀಳುವುದು ದಪ್ಪ ಪುಸ್ತಕದ ಮೇಲೆ, ಅಂದರೆ ಮತ್ತೆ ಆ ಐದನೆಯದರ ಮೇಲೆ. ಬಿಬಿಸಿ ಮತ್ತು ಎಚ್‌ಬಿಒ ಸೇರಿ ತೆಗೆದ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ನನಗೆ ಧೈರ್ಯ ಕೊಡುವ ಉದಾಹರಣೆ. ಮೂರು ಪುಸ್ತಕ, ಮೂರು ಸೀಸನ್, 2019ರಿಂದ 2022. ಎರಡನೆಯ ಪುಸ್ತಕದಲ್ಲಿ ಬರುವ ಹುಡುಗ ವಿಲ್‌ನನ್ನು ಮೊದಲ ಸೀಸನ್‌ಗೇ ಎಳೆದು ತಂದರು, ಕೋವಿಡ್ ಕಾರಣಕ್ಕೆ ಒಂದು ಇಡೀ ಕಂತನ್ನು ಕೈಬಿಟ್ಟರು, ಆದರೂ ಕಥೆಯನ್ನು ದಡ ಮುಟ್ಟಿಸಿದರು.

ಕೊನೆಗೆ ನಮ್ಮ ಕಡೆಯ ಮಾತು. ಭಾರತೀಯ ಸ್ಪರ್ಧಾ ಆಯೋಗದ 2015ರ ಆದೇಶದ ನಂತರ ಕನ್ನಡ ಡಬ್ಬಿಂಗ್‌ಗೆ ಇದ್ದ ಅಡ್ಡಿ ಕರಗುತ್ತ ಬಂದಿದೆ. ಈ ಧಾರಾವಾಹಿ ಕನ್ನಡದಲ್ಲಿ ಬರುವುದಾದರೆ ದನಿ ಆಯ್ಕೆಗೂ ಮೇಲಿನ ಲೆಕ್ಕವೇ ಅನ್ವಯ. ಹುಡುಗರ ಪಾತ್ರಕ್ಕೆ ದೊಡ್ಡ ಹೆಂಗಸರಿಂದ ದನಿ ಕೊಡಿಸುವ ರೂಢಿ ಮೊದಲೆರಡು ಸೀಸನ್‌ಗೆ ನಡೆದೀತು. ತೆರೆಯ ಮೇಲಿನ ಹುಡುಗನ ಗಂಟಲು ಒಡೆಯುವ ಹೊತ್ತಿಗೆ ಅದು ಕೈಕೊಡುತ್ತದೆ, ಆಗ ಹೊಸ ದನಿ ತಂದರೆ ನೋಡುವ ಮಕ್ಕಳಿಗೆ ಹ್ಯಾರಿಯೇ ಬದಲಾದಂತೆ. ಹನ್ನೊಂದು ಹನ್ನೆರಡರ ಮಕ್ಕಳನ್ನೇ ಆರಿಸಿ, ಅವರ ದನಿ ಒಡೆಯುವ ವರ್ಷ ಧ್ವನಿಮುದ್ರಣಕ್ಕೆ ಹೆಚ್ಚು ದಿನ ಮೀಸಲಿಡುವುದು ವಾಸಿ. ಸ್ನೇಪ್‌ಗೆ ದನಿ ಕೊಡುವವರಿಗೆ ಏಳೂ ಪುಸ್ತಕಗಳ ಕಥೆಯನ್ನು ಮೊದಲ ದಿನವೇ ಹೇಳಿರಬೇಕು. ಮೊದಲ ಸೀಸನ್‌ನಲ್ಲಿ ಬರೀ ಖಳನ ದನಿ ತೆಗೆದುಬಿಟ್ಟರೆ ಕೊನೆಯ ಸೀಸನ್‌ನಲ್ಲಿ ಅವರಿಗೆ ಹಿಂದಿರುಗಲು ದಾರಿ ಇರುವುದಿಲ್ಲ.

— ಓದುಗ, ಶಿವಮೊಗ್ಗ