ಕೇಂದ್ರ ಕ್ರೀಡಾ ಸಚಿವರಿಗೆ: ನಮ್ಮ ಹುಡುಗಿಯರಿಗೆ ಪಂದ್ಯ ಕೊಡಿಸಿ

ಡಿಸೆಂಬರ್ 2025

ಮಾನ್ಯ ಮನ್ಸುಖ್ ಮಾಂಡವಿಯಾ ಅವರಿಗೆ,

ನಮಸ್ಕಾರ. ಜುಲೈ 5ರ ಸಂಜೆ ನಾನು, ನನ್ನ ಮಗಳು ಒಂದೇ ಫೋನ್ ಮುಂದೆ ಕೂತಿದ್ದೆವು. ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ತಂಡದ ಏಷ್ಯನ್ ಕಪ್ ಅರ್ಹತಾ ಪಂದ್ಯ. ಎದುರಿಗೆ ಆತಿಥೇಯರೇ. 2015, 2019ರ ವಿಶ್ವಕಪ್ ಆಡಿ ಬಂದವರು, ರ‍್ಯಾಂಕಿಂಗ್‌ನಲ್ಲಿ ನಮಗಿಂತ ಇಪ್ಪತ್ತಕ್ಕೂ ಜಾಸ್ತಿ ಸ್ಥಾನ ಮೇಲಿದ್ದವರು. ಮೊದಲಾರ್ಧದಲ್ಲಿ ಸಂಗೀತಾ ಬಾಸ್ಫೋರ್ ಒಂದು ಗೋಲು ಹೊಡೆದರು. ವಿರಾಮ ಮುಗಿದ ಕೂಡಲೇ ಥಾಯ್ಲೆಂಡ್ ಸಮ ಮಾಡಿತು. 74ನೇ ನಿಮಿಷಕ್ಕೆ ಮತ್ತೆ ಸಂಗೀತಾ. 2–1. ಕೊನೆಯ ಹತ್ತು ನಿಮಿಷ ಮಗಳು ನನ್ನ ಕೈ ಬಿಡಲೇ ಇಲ್ಲ.

ಆ ಗುಂಪಿನಲ್ಲಿ ಮಂಗೋಲಿಯಾ ಮೇಲೆ 13–0, ಟಿಮೋರ್ ಲೆಸ್ಟೆ ಮೇಲೆ 4–0, ಇರಾಕ್ ಮೇಲೆ 5–0. ನಾಲ್ಕಕ್ಕೆ ನಾಲ್ಕೂ ಗೆಲುವು. ಅರ್ಹತಾ ಪಂದ್ಯಗಳನ್ನು ಗೆದ್ದು ನಮ್ಮ ಮಹಿಳೆಯರು ಏಷ್ಯನ್ ಕಪ್‌ಗೆ ಹೋಗುತ್ತಿರುವುದು ಇದೇ ಮೊದಲು. ಅದೇ ವರ್ಷ ಪುರುಷರ ತಂಡ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತಿತು, 2027ರ ಏಷ್ಯನ್ ಕಪ್ ಕೈತಪ್ಪಿತು. ಆ ನೋವಿನ ಬಗ್ಗೆ ಎಲ್ಲರೂ ಮಾತಾಡಿದರು. ಈ ಖುಷಿಯ ಬಗ್ಗೆ ಮಾತಾಡಿದವರು ಕಡಿಮೆ.

ಈ ಹುಡುಗಿಯರಿಗೆ ಸನ್ಮಾನ ಬೇಕು ಅಂತ ನಾನು ಬರೆಯುತ್ತಿಲ್ಲ ಸರ್. ಅವರಿಗೆ ಬೇಕಿರುವುದು ಪಂದ್ಯ. ಚಿಯಾಂಗ್ ಮೈಗೆ ಹೋಗುವ ಮುಂಚೆ ಅವರ ಶಿಬಿರ ನಡೆದದ್ದು ನಮ್ಮ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ. ಅಲ್ಲೇ ಉಜ್ಬೇಕಿಸ್ತಾನದ ಜೊತೆ ಎರಡು ಸ್ನೇಹಪಂದ್ಯ ಆಡಿದರು. ಒಂದೇ ಕಡೆ ಸೇರಿ, ತಮಗಿಂತ ಬಲವಾದ ತಂಡದ ಎದುರು ಒದ್ದಾಡಿದ್ದು ಥಾಯ್ಲೆಂಡಿನಲ್ಲಿ ಕೈಹಿಡಿಯಿತು ಅಂತಲೇ ನನ್ನ ನಂಬಿಕೆ. ಅಕ್ಟೋಬರ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಇರಾನ್ ಎದುರೂ ಸೋತರು, ನೇಪಾಳದ ಎದುರೂ ಸೋತರು. ಬೇಜಾರಾಯಿತು, ನಿಜ. ಆದರೆ ತಿಂಗಳುಗಟ್ಟಲೆ ಅಂತರರಾಷ್ಟ್ರೀಯ ಪಂದ್ಯವಿಲ್ಲದೆ ಇದ್ದು, ಬಂದ ಕೂಡಲೇ ಗೆಲ್ಲಿ ಅಂದರೆ ಹೇಗೆ? ಹಿಂದೆ 2009ರಲ್ಲಿ ಇದೇ ತಂಡ ಹದಿನೆಂಟು ತಿಂಗಳಿಗೂ ಜಾಸ್ತಿ ಕಾಲ ಪಂದ್ಯವೇ ಇಲ್ಲದೆ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಹೊರಬಿದ್ದಿತ್ತು. ಹಾಗೆ ಇನ್ನೊಮ್ಮೆ ಆಗಬಾರದು ಅಲ್ವಾ?

ತಂಡ ನಡೆಸುವುದು ಫುಟ್‌ಬಾಲ್ ಫೆಡರೇಶನ್ ಕೆಲಸ ಎಂದು ನೀವು ಹೇಳಬಹುದು. ಸರಿಯೇ. ಆದರೆ ಶಿಬಿರಕ್ಕೆ, ವಿದೇಶ ಪ್ರವಾಸಕ್ಕೆ ನಿಮ್ಮ ಇಲಾಖೆಯ ಹಣವೂ ಹೋಗುತ್ತದೆ. ಏಷ್ಯಾದ ಮೊದಲ ಎಂಟರಲ್ಲಿದ್ದರೆ ಮಾತ್ರ ಏಷ್ಯನ್ ಗೇಮ್ಸ್‌ಗೆ ತಂಡ ಕಳಿಸುವ ನಿಯಮವೂ ನಿಮ್ಮ ಇಲಾಖೆಯದೇ. 2023ರಲ್ಲಿ ಫುಟ್‌ಬಾಲ್ ತಂಡಗಳಿಗಾಗಿ ಅದನ್ನು ಸಡಿಲಿಸಿದ್ದರು. ಮುಂದಿನ ವರ್ಷ ಜಪಾನಿನ ಏಷ್ಯನ್ ಗೇಮ್ಸ್‌ಗೂ ಈ ತಂಡಕ್ಕೆ ಅಡ್ಡಿ ಮಾಡಬೇಡಿ. ದೊಡ್ಡವರ ಜೊತೆ ಆಡದೆ ಯಾರೂ ಮೊದಲ ಎಂಟಕ್ಕೆ ಏರುವುದಿಲ್ಲ.

ಏಷ್ಯನ್ ಕಪ್ ನಡೆಯುವ ಮಾರ್ಚ್‌ಗೆ ಇನ್ನು ಜಾಸ್ತಿ ದಿನ ಇಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 4ಕ್ಕೆ ವಿಯೆಟ್ನಾಂ, 7ಕ್ಕೆ ಜಪಾನ್. ಜಪಾನ್ 2011ರ ವಿಶ್ವಚಾಂಪಿಯನ್. ಆದರೂ ಗುಂಪಿನಲ್ಲಿ ಮೂರನೇ ಸ್ಥಾನ ಬಂದರೂ ಕ್ವಾರ್ಟರ್ ಫೈನಲ್ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕ್ವಾರ್ಟರ್ ಫೈನಲ್ ಮುಟ್ಟಿದರೆ 2027ರ ಬ್ರೆಜಿಲ್ ವಿಶ್ವಕಪ್‌ನ ದಾರಿ ಕಾಣುತ್ತದೆ. ನಮ್ಮ ಯಾವ ಸೀನಿಯರ್ ತಂಡವೂ ವಿಶ್ವಕಪ್‌ಗೆ ಇಷ್ಟು ಹತ್ತಿರ ಬಂದದ್ದನ್ನು ನಾನಂತೂ ನೋಡಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಜನವರಿ, ಫೆಬ್ರವರಿಯಲ್ಲಿ ಇವರನ್ನು ಬಲವಾದ ತಂಡಗಳ ಜೊತೆ ಆಡಿಸಿ. ಏಷ್ಯನ್ ಕಪ್ ಮುಗಿದ ಮೇಲೂ ಪ್ರತಿ ಫಿಫಾ ವಿಂಡೋದಲ್ಲಿ (ದೇಶಗಳ ತಂಡಗಳ ಪಂದ್ಯಕ್ಕೆ ಫಿಫಾ ಮೀಸಲಿಡುವ ದಿನಗಳಲ್ಲಿ) ಪಂದ್ಯ ಇರಲಿ. ಅವು ಟಿವಿಯಲ್ಲಿ ಬರಲಿ, ದೂರದರ್ಶನದಲ್ಲಾದರೂ ಸರಿ.

ಕೊನೆಯ ಗುಂಪು ಪಂದ್ಯ ಮಾರ್ಚ್ 10ಕ್ಕೆ, ಸಿಡ್ನಿಯಲ್ಲಿ, ಚೈನೀಸ್ ತೈಪೆ ಎದುರು. 2022ರ ಜನವರಿಯಲ್ಲಿ ನವಿ ಮುಂಬೈಯಲ್ಲಿ, ನಮ್ಮದೇ ನೆಲದ ಏಷ್ಯನ್ ಕಪ್‌ನಲ್ಲಿ, ಇದೇ ಚೈನೀಸ್ ತೈಪೆ ಜೊತೆ ನಮ್ಮ ಪಂದ್ಯ ಇತ್ತು. ಕೋವಿಡ್‌ನಿಂದ ಸಾಕಷ್ಟು ಆಟಗಾರ್ತಿಯರೇ ಉಳಿಯದೆ ಮೈದಾನಕ್ಕೆ ಇಳಿಯಲಾಗಲಿಲ್ಲ, ಟೂರ್ನಿಯೇ ಮುಗಿದುಹೋಯಿತು. ನಾಲ್ಕು ವರ್ಷ ತಡವಾಗಿ ಆ ಪಂದ್ಯ ಈಗ ಬರುತ್ತಿದೆ. ಅದಕ್ಕೆ ಅವರು ಪೂರ್ತಿ ತಯಾರಾಗಿ ಇಳಿಯುವ ಹಾಗೆ ಮಾಡಿ ಸರ್.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ