ಎಂಟನೇ ತರಗತಿ ಪ್ರವಾಸ: ಅಮಾವಾಸ್ಯೆ ದಿನವೇ ಯಾಕೆ?

ಪೋಷಕರಿಗೆ ನಮಸ್ಕಾರ,

ಡಿಸೆಂಬರ್ ಪ್ರವಾಸದ ಚೀಟಿ ಕಳಿಸಿದ ಮಾರನೇ ದಿನವೇ ನಾಲ್ಕೈದು ಫೋನ್ ಬಂದವು. "ಮೇಷ್ಟ್ರೇ, ಅಮಾವಾಸ್ಯೆ ದಿನ ಮಕ್ಕಳನ್ನ ನೀರಿನ ಹತ್ರ ಕರ್ಕೊಂಡು ಹೋಗ್ತೀರಾ?" ಎಂದು. ಕೇಳಬೇಕಾದ ಪ್ರಶ್ನೆಯೇ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಸಮುದ್ರದ ಉಬ್ಬರ ಇಳಿತ ಎರಡೂ ಜಾಸ್ತಿ. ನಮಗೆ ಬೇಕಿರುವುದು ಇಳಿತ. ನೀರು ಸರಿದ ಮೇಲೆ ಕಾಣುವ ಕೆಸರನ್ನು ನೋಡುವುದಕ್ಕೇ ನಾವು ಹೋಗುತ್ತಿರುವುದು. ಹೋದ ಸಲ ಶಾಲೆಯ ರಜೆ ಮಾತ್ರ ನೋಡಿಕೊಂಡು ಹೋದೆವು. ನೀರು ತುಂಬಿ ನಿಂತಿತ್ತು, ಸುಮ್ನೆ ದಡದಲ್ಲಿ ಚಿತ್ರಾನ್ನ ತಿಂದು ಬಂದೆವು. ತಪ್ಪು ನನ್ನದೇ.

ಜಾಗ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ, ಅಂದರೆ ಆ ನದಿ ಕಡಲು ಸೇರುವ ಜಾಗ. ಶಿರಸಿ ಕಡೆಯಿಂದ ಬರುವ ಈ ನದಿಗೆ ನಮ್ಮ ಕಾವೇರಿಗೆ ಇರುವಂತೆ ಅಣೆಕಟ್ಟು ಇಲ್ಲ. ಸಿಹಿನೀರು ಕಡಲವರೆಗೂ ಹರಿದು ಉಪ್ಪುನೀರಿನ ಜೊತೆ ಬೆರೆಯುತ್ತದೆ. ಆ ಬೆರಕೆ ನೀರಲ್ಲೇ ಅಲ್ಲಿನವರ ಬದುಕು. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಬಳಚು ಚಿಪ್ಪಿ ಹೆಕ್ಕುತ್ತಾರೆ. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ ಮೀನು, ಸಿಗಡಿ ಮರಿಗಳು ಬೆಳೆಯುತ್ತವೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು. ನಮ್ಮ ರಂಗನತಿಟ್ಟು 2022ರಲ್ಲೇ ಸೇರಿದೆ ಎಂದು ಮಕ್ಕಳು ಅಲ್ಲಿ ಜಂಬ ಕೊಚ್ಚಿಕೊಳ್ಳಲಿ ಬಿಡಿ.

ನನಗೆ ಜಾಸ್ತಿ ಆಸೆಯಿರುವುದು ಗಜನಿ ಗದ್ದೆ, ಅಂದರೆ ಅಳಿವೆಯಂಚಿನ ಉಪ್ಪುನೆಲದ ಗದ್ದೆ ತೋರಿಸುವುದಕ್ಕೆ. ನಮ್ಮ ನಾಲೆ ಬಯಲಲ್ಲಿ ಗದ್ದೆ ಚೌಳು ಹಿಡಿದರೆ ಜಿಪ್ಸಂ ಹಾಕಿ ಒದ್ದಾಡುತ್ತೇವೆ, ಅಲ್ವಾ? ಅಲ್ಲಿ ಉಪ್ಪುನೀರು ನುಗ್ಗುವ ನೆಲದಲ್ಲೇ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆ ಬಂದು ನೆಲದ ಉಪ್ಪು ತೊಳೆದಾಗ ಬಿತ್ತನೆ. ನೆರೆ ನಿಂತರೂ ಪೈರು ತಡೆದುಕೊಳ್ಳುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕೊಳೆತ ಕೂಳೆ ಅವಕ್ಕೆ ಮೇವು. ಈಚೆಗೆ ಕಗ್ಗ ಬಿತ್ತುವವರು ಕಡಿಮೆಯಾಗುತ್ತಿದ್ದಾರೆ, ಸಿಗಡಿಯಲ್ಲಿ ದುಡ್ಡು ಜಾಸ್ತಿ. ಯಾಕೆ ಬಿಟ್ಟಿರಿ ಎಂದು ಮಕ್ಕಳೇ ಅಲ್ಲಿನ ರೈತರನ್ನು ಕೇಳಲಿ. ಬೇಸಾಯದ ಮನೆಯ ಮಕ್ಕಳು, ಉತ್ತರ ಬೇಗ ಅರ್ಥವಾಗುತ್ತದೆ.

ಸಾಣಿಕಟ್ಟಾದ ಉಪ್ಪಿನ ಆಗರಕ್ಕೂ ಹೋಗುತ್ತೇವೆ. ಉಪ್ಪು ತೆಗೆಯುವುದು ಬೇಸಿಗೆಯಲ್ಲಿ, ಈಗ ಪಾತಿಗಳನ್ನಷ್ಟೇ ನೋಡಬಹುದು.

ಯಾರೂ ನೀರಿಗೆ ಇಳಿಯುವಂತಿಲ್ಲ. ದಡದ ಕೆಸರು ಮಾತ್ರ, ಅದೂ ಊರಿನ ಮೀನುಗಾರರ ಜೊತೆ. ನೀರು ಏರುವ ಮುಂಚೆ ಎಲ್ಲರೂ ಬಸ್ಸಿನಲ್ಲಿರುತ್ತಾರೆ. ಚಿಪ್ಪಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಹಳೇ ಕ್ಯಾನ್ವಾಸ್ ಶೂ ಕಳಿಸಿ. ಚಪ್ಪಲಿ ಬೇಡ, ಕೆಸರು ಬಿಡುವುದಿಲ್ಲ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ. ಅಮಾವಾಸ್ಯೆ ಬೇಡವೇ ಬೇಡ ಅನ್ನುವವರು ಶಾಲೆಗೆ ಬನ್ನಿ, ಕೂತು ಮಾತಾಡೋಣ.

ಇಂತಿ,
ಮುಖ್ಯ ಶಿಕ್ಷಕರು
ಮಂಡ್ಯ